ಸಂಜೆ ಮಾಡುವ ಕೆಲಸ

ನಿವೃತ್ತನಾದ ಮನುಷ್ಯ ಮರುದಿನ ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂಬುದನ್ನು ಯಾವ ಕಚೇರಿಯೂ ಹೇಳಿಕೊಡುವುದಿಲ್ಲ. ಒಂದು ಗೋಡೆ ಗಡಿಯಾರ ಕೈಗಿತ್ತು, ನಾಲ್ಕು ಒಳ್ಳೆಯ ಮಾತಾಡಿ, ಚಹಾ ಕುಡಿಸಿ ಕಳಿಸಿಬಿಡುತ್ತದೆ. ಲೈನ್‌ಮನ್‌ಗೂ ಹಾಗೇ ಆಯಿತು. ಊರಿನ ಬೀದಿ ದೀಪಗಳನ್ನು ನೋಡಿಕೊಳ್ಳುತ್ತಲೇ ತಲೆ ನರೆಸಿಕೊಂಡವನು ಅವನು. ಎಲ್ಲಿ ಬಲ್ಬು ಮಿಣುಕುತ್ತಿದೆ, ಯಾವ ಕಂಬದ ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿದೆ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅಂಥವನು ಬೇಸಿಗೆಯ ಒಂದು ಬೆಳಿಗ್ಗೆ ಎದ್ದು ನೋಡಿದರೆ, ಊರಿನ ಕತ್ತಲೆಗೂ ತನಗೂ ಯಾವ ಸಂಬಂಧವೂ ಉಳಿದಿರಲಿಲ್ಲ.

ಇಲ್ಲ, ಒಂದು ಉಳಿದಿತ್ತು. ಕೆಲಸ ಬಿಡುವ ಮುನ್ನ ಕೊನೆಯದಾಗಿ ಅವನು ನಿಲ್ಲಿಸಿದ ಕಂಬ. ಕಡಲಿಗೆ ಇಳಿಯುವ ಓಣಿಯ ತುದಿಯಲ್ಲಿ, ಮಗಳ ಶೆಡ್ಡಿಗೆ ತಾಗಿಕೊಂಡೇ ಅದು ನಿಂತಿತ್ತು. ಮೊದಲು ಆ ತುದಿಯಲ್ಲಿ ದೀಪವೇ ಇರಲಿಲ್ಲ. ಮಗಳು ಕೆಲಸ ಮುಗಿಸಿ ಕತ್ತಲೆಯಲ್ಲಿ ತಡವರಿಸುತ್ತ ಬರುವುದನ್ನು ಅವನು ದಿನಾ ನೋಡುತ್ತಿದ್ದ. ಮೇಲಿನವರ ಬೆನ್ನು ಹತ್ತಿ, ಕಾಡಿ ಬೇಡಿ ಮಂಜೂರು ಮಾಡಿಸಿಕೊಂಡು, ತಾನೇ ಮುಂದೆ ನಿಂತು ಕಂಬ ನಿಲ್ಲಿಸಿದ. ಬೆಳ್ಳನೆಯ ದೊಡ್ಡ ದೀಪ, ಹೊತ್ತು ಮುಳುಗುತ್ತಿದ್ದಂತೆ ತಂತಾನೇ ಹತ್ತಿಕೊಳ್ಳುವಂಥದ್ದು. ಓಣಿಯವರು ಅದನ್ನು ಲೈನ್‌ಮನ್ ದೀಪ ಎಂದೇ ಕರೆದರು. ಅವನು ಕೇಳಿಸಿದರೂ ಕೇಳಿಸದವನಂತೆ ಮೀಸೆಯಡಿಯಲ್ಲೇ ನಕ್ಕ.

ಪ್ರತಿ ಸಂಜೆ ಅವನು ಅಂಗಿ ಬದಲಿಸಿ, ತಲೆ ಬಾಚಿಕೊಂಡು, ಆ ಕಂಬದ ಕೆಳಗೆ ಹೋಗಿ ನಿಲ್ಲುತ್ತಿದ್ದ. ದೀಪ ಹತ್ತುವವರೆಗೆ ನಿಂತು, ಹತ್ತಿದ ಮೇಲೆ ಒಮ್ಮೆ ತಲೆಯಾಡಿಸಿ ಹಿಂದಿರುಗುತ್ತಿದ್ದ.

"ನೀವು ಹೋಗಿ ನಿಲ್ಲದಿದ್ರೆ ಅದು ಹತ್ತಲ್ವಾ?" ಎಂದು ಹೆಂಡತಿ ಕೇಳುತ್ತಿದ್ದಳು.

"ಹತ್ತುತ್ತೆ. ಹತ್ತದೆ ಏನು?"

"ಮತ್ತೆ ತಲೆ ಬಾಚ್ಕೊಂಡು ಹೊರಡೋದು ಯಾಕೆ? ಹೆಣ್ಣು ನೋಡೋಕೆ ಹೋಗೋರ ಹಾಗೆ?"

ಅವನು ಚಪ್ಪಲಿ ಮೆಟ್ಟಿ ಹೊರಟೇ ಬಿಡುತ್ತಿದ್ದ.

ಇನ್ನು ಮಗಳ ಶೆಡ್ಡಿನ ವಿಷಯ. ಗೋಡೆ ಅರ್ಧ, ಮೇಲೆ ಬೆಳಕು ಬಿಡುವ ಪ್ಲಾಸ್ಟಿಕ್ ಶೀಟಿನ ಮಾಡು. ಒಳಗೆ ಸಾಲಾಗಿ ಕಡಲ ನೀರು ತುಂಬಿದ ಉದ್ದುದ್ದ ತೊಟ್ಟಿಗಳು. ತೊಟ್ಟಿಗಳಿಗೆ ಅಡ್ಡಲಾಗಿ ಇಟ್ಟ ಕೋಲುಗಳಿಂದ ದಾರ, ದಾರದ ತುಂಬ ಪೋಣಿಸಿದ ಸಿಂಪಿಯ ಚಿಪ್ಪುಗಳು. ಹೊಸಬರು ಯಾರಾದರೂ ಬಂದು ನೋಡಿದರೆ, ಯಾರೋ ಅಡುಗೆಮನೆಯ ಕಸವನ್ನು ಹಾರ ಮಾಡಿ ನೆನೆಹಾಕಿದ್ದಾರೆ ಎಂದುಕೊಳ್ಳಬೇಕು. ಚಿಪ್ಪುಗಳ ಮೇಲೆ ಕಪ್ಪುಗೆಂಪು ಕಲೆ. ಆ ಕಲೆಯೇ ಮಗಳ ಬದುಕು. ಅದು ಕಡಲಪಾಚಿ. ಚಳಿಗಾಲದಲ್ಲಿ ಬಂಡೆಯ ಮೇಲೆ, ಬಲೆಯ ಮೇಲೆ ತೆಳ್ಳನೆಯ ಎಲೆಯಾಗಿ ಅಲೆಯಲ್ಲಿ ಆಡುವ ಪಾಚಿ ಬೇಸಿಗೆಯಲ್ಲಿ ಚಿಪ್ಪಿನೊಳಗೆ ಕೊರೆದುಕೊಂಡು ಹೊಕ್ಕು, ಹೀಗೆ ಕಲೆಯಾಗಿ ಮಲಗಿರುತ್ತದೆ. ಚಳಿ ಶುರುವಾದಾಗ ಅದು ನೀರಿಗೆ ಬೀಜ ಬಿಡಬೇಕು. ಬಲೆಯವರು ತಮ್ಮ ಬಲೆಗಳನ್ನು ತಂದು ಅದೇ ನೀರಿನಲ್ಲಿ ಅದ್ದಿಸಿಕೊಂಡು, ಕಡಲಿಗೆ ಒಯ್ದು ಕಟ್ಟುತ್ತಾರೆ. ಬೀಜ ಹತ್ತಿದ ಬಲೆಯಿಂದ ಚಳಿಗಾಲವಿಡೀ ಪಾಚಿ ಕೊಯ್ಯಬಹುದು.

ಹಿಂದಿನ ವರ್ಷಗಳಲ್ಲಿ ಎಲ್ಲ ಸರಾಗವಾಗಿ ನಡೆದಿತ್ತು. ಈ ವರ್ಷ ಚಳಿ ಬಂತು, ಬಲೆಯವರೂ ಬಂದರು, ಚಿಪ್ಪು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಮಗಳು ದಿನಾ ಬೆಳಿಗ್ಗೆ ತೊಟ್ಟಿಯ ನೀರನ್ನು ಗಾಜಿನ ಮೇಲೆ ಹನಿಸಿ ಮೈಕ್ರೋಸ್ಕೋಪಿನಲ್ಲಿ ನೋಡುವಳು, ಮುಖ ಸಣ್ಣದು ಮಾಡಿಕೊಂಡು ಏಳುವಳು. ಬಲೆಯವರ ಹಿರಿಯ ಒಳ್ಳೆಯ ಮನುಷ್ಯ, ಆದರೆ ಕಡಲು ಯಾರಿಗೂ ಕಾಯುವುದಿಲ್ಲ. ನೀರು ತೀರ ಹಿಂದೆ ಸರಿದು ಬಲೆ ಕಟ್ಟಲು ಅನುವಾಗುವ ದೊಡ್ಡ ಇಳಿತ ಬರುವುದರೊಳಗೆ ಬೀಜ ಸಿಗದಿದ್ದರೆ ಆಚೆ ಕೊಲ್ಲಿಯ ಶೆಡ್ಡಿಗೆ ಹೋಗುತ್ತೇವೆ ಎಂದು ಮೆಲ್ಲಗೇ ಹೇಳಿ ಹೋಗಿದ್ದ. ಒಮ್ಮೆ ಹೋದವರು ತಿರುಗಿ ಬರುವುದು ಕಷ್ಟ. ಶೆಡ್ಡು ಮುಚ್ಚಿದರೆ ಮಗಳು ಮತ್ತೆ ಮೀನು ಡಬ್ಬಿ ತುಂಬುವ ಕಾರ್ಖಾನೆಯ ಸಾಲಿನಲ್ಲಿ ಟೋಪಿ ಹಾಕಿಕೊಂಡು ನಿಲ್ಲಬೇಕು. ಆ ಕೆಲಸದಲ್ಲಿದ್ದಾಗ ಅವಳು ನಗುವುದನ್ನೇ ಮರೆತಿದ್ದಳು.

ಲೈನ್‌ಮನ್‌ಗೆ ಇದೆಲ್ಲ ಗೊತ್ತಿತ್ತು, ಅದಕ್ಕೇ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. "ಬೆಳಕು ಸಾಲ್ತಾ ಇಲ್ಲ ಅನ್ಸುತ್ತೆ. ಒಳಗೆ ಇನ್ನೆರಡು ಟ್ಯೂಬ್‌ಲೈಟ್ ಹಾಕಿಕೊಡ್ತೀನಿ," ಎಂದ ಒಂದು ದಿನ.

"ಬೇಡಪ್ಪ!" ಎಂದಳು ಮಗಳು. ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಅವಳಿಗೇ ಗಾಬರಿಯಾಗಿ, "ಅಂದ್ರೆ, ನಿನಗ್ಯಾಕೆ ತೊಂದರೆ," ಎಂದು ಸಣ್ಣ ದನಿಯಲ್ಲಿ ಸೇರಿಸಿದಳು. ತಾಯಿ ಅಲ್ಲೇ ಬಲೆಯ ಗಂಟು ಬಿಡಿಸುತ್ತ ಕೂತಿದ್ದವಳು ತಲೆ ಎತ್ತಲಿಲ್ಲ.

ಅದಾದ ಮೇಲೇ ಚೀಲದ ಪ್ರಕರಣ ಶುರುವಾದದ್ದು.

ಒಂದು ಸಂಜೆ ಅವನು ಹೋಗಿ ನಿಂತರೆ ದೀಪ ಹತ್ತಲೇ ಇಲ್ಲ. ಕತ್ತೆತ್ತಿ ನೋಡಿದರೆ, ದೀಪಕ್ಕೆ ಯಾರೋ ಗೋಣಿಚೀಲ ತೊಡಿಸಿದ್ದಾರೆ! ಮನೆಯಿಂದ ಏಣಿ ತಂದು, ಹತ್ತಿ, ಚೀಲ ಬಿಚ್ಚಿದ. ಒಳಗಿನಿಂದ ದೀಪ ಅವನ ಮುಖಕ್ಕೇ ಬೆಳಕು ರಾಚಿತು. ಮಾರನೆಯ ಸಂಜೆ ಮತ್ತೆ ಚೀಲ. ಅದನ್ನೂ ಕಿತ್ತ. ಮೂರನೆಯ ಸಲ ಚೀಲದ ಮೇಲೆ ಕಪ್ಪು ಬಟ್ಟೆಯನ್ನೂ ಸುತ್ತಿತ್ತು. ಲೈನ್‌ಮನ್‌ಗೆ ಪಿತ್ತ ನೆತ್ತಿಗೇರಿತು.

"ಗಾಳಿಗೆ ಎಲ್ಲಿಂದಲೋ ಹಾರಿಬಂದು ಸಿಕ್ಕಿಕೊಂಡಿರಬೇಕು," ಎಂದಳು ಹೆಂಡತಿ, ತಟ್ಟೆ ಒರೆಸುತ್ತ.

"ಗಾಳಿ ಗಂಟು ಹಾಕುತ್ತೇನೇ? ಜೋಡಿ ಗಂಟು!"

"ಕಡಲ ಗಾಳಿ ಅಲ್ವಾ. ಏನು ಬೇಕಾದ್ರೂ ಮಾಡುತ್ತೆ."

ಅವನ ಅನುಮಾನವೆಲ್ಲ ಬೇಕರಿಯವನ ಮೇಲೆ. ಆ ಬೇಕರಿಯವನ ಮಲಗುವ ಕೋಣೆಯ ಕಿಟಕಿ ಆ ಕಂಬಕ್ಕೇ ಮುಖ ಮಾಡಿತ್ತು. ನಸುಕಿಗೆ ಮುಂಚೆ ಎದ್ದು ಒಲೆ ಹೊತ್ತಿಸಬೇಕಾದವನು, ಹೊತ್ತು ಮುಳುಗುತ್ತಿದ್ದಂತೆ ಮಲಗುತ್ತಿದ್ದ. ಕಣ್ಣಿಗೆ ಬೆಳಕು ಹೊಡೆಯುತ್ತದೆ ಎಂದು ಒಂದೆರಡು ಸಲ ಗೊಣಗಿಯೂ ಇದ್ದ. ಲೈನ್‌ಮನ್ ನೇರ ಬೇಕರಿಗೆ ನುಗ್ಗಿದ.

"ಏನ್ರೀ, ಬೆಳಕು ಬೇಡ ಅಂದ್ರೆ ಕಿಟಕಿ ಮುಚ್ಕೊಳ್ಳಿ. ಊರ ದೀಪಕ್ಕೆ ಯಾಕೆ ಚೀಲ ಕಟ್ತೀರಿ?"

ಬೇಕರಿಯವನು ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದು ಅವನನ್ನೇ ನೋಡಿದ. ಆಮೇಲೆ ತನ್ನ ಹೊಟ್ಟೆಯನ್ನು ನೋಡಿಕೊಂಡ. "ನಾನು? ಕಂಬ ಹತ್ತೋದು? ಇದನ್ನ ಹೊತ್ಕೊಂಡು? ಸ್ವಾಮಿ, ನಾನು ಅಟ್ಟ ಹತ್ತಿ ಎಷ್ಟು ಕಾಲ ಆಯ್ತು ಅಂತ ನನ್ನ ಹೆಂಡತೀನ ಕೇಳಿ."

ಅಂಗಡಿಯಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಲೈನ್‌ಮನ್ ಮುಖ ಗಂಟು ಹಾಕಿಕೊಂಡು ಬರಿಗೈಯಲ್ಲಿ ಹೊರಬಂದ. ಹೆಂಡತಿ ತರಲು ಹೇಳಿದ್ದ ಬ್ರೆಡ್ಡು ಮರೆತೇಹೋಯಿತು.

ಕಡೆಗೆ ಅವನು ಕಾದು ಹಿಡಿಯಬೇಕೆಂದು ತೀರ್ಮಾನಿಸಿದ. ಮರುದಿನ ಹೊತ್ತು ಇಳಿಯುವ ಮುಂಚೆಯೇ ತಲೆ ಬಾಚದೆ, ಅಂಗಿ ಬದಲಿಸದೆ, ಹಿತ್ತಲ ಬಾಗಿಲಿನಿಂದ ಹೊರಟು, ಶೆಡ್ಡಿನ ಹೊರಗೆ ರಾಶಿ ಹಾಕಿದ್ದ ಹಳೆಯ ಬಲೆಗಳ ಹಿಂದೆ ಕುಕ್ಕರಗಾಲಿನಲ್ಲಿ ಕೂತ. ಬಲೆಯ ವಾಸನೆಗೆ ಸೀನು ಬರುವಂತಾಗಿ ಮೂಗು ಹಿಡಿದುಕೊಂಡ. ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಯಾರೋ ಏಣಿ ಎಳೆದು ತರುವ ಸದ್ದಾಯಿತು. ಇಣುಕಿದ. ಅವನದೇ ಏಣಿ. ಏಣಿಯ ಹಿಂದೆ ಅವನದೇ ಹೆಂಡತಿ. ಕಂಕುಳಲ್ಲಿ ಚೀಲ ಹಿಡಿದು ಬರುತ್ತಿದ್ದವಳು ಅವನದೇ ಮಗಳು.

"ಬೇಗ ಹತ್ತು. ಅವರು ಬರೋ ಹೊತ್ತಾಯ್ತು," ಎಂದಳು ತಾಯಿ.

"ಅಮ್ಮ, ದಿನಾ ನಾವು ಕಟ್ಟೋದು, ಅಪ್ಪ ಬಿಚ್ಚೋದು. ಇದರಿಂದ ಏನೂ ಪ್ರಯೋಜನ ಇಲ್ಲ. ಅಪ್ಪನಿಗೆ ಹೇಳಿಬಿಡೋಣ."

"ಬೇಡ ಕಣೇ. ಅವರಿಗೆ ಈಗ ಉಳಿದಿರೋದು ಆ ದೀಪ ಒಂದೇ. ಅದೇ ನಿನ್ನ ಕೆಲಸ ಕೆಡಿಸ್ತಿದೆ ಅಂದ್ರೆ ಆ ಮನುಷ್ಯ ಹೇಗೆ ತಡ್ಕೊಳ್ತಾರೆ?"

ಬಲೆಯ ಹಿಂದೆ ಕೂತವನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ನಾಚಿಕೆಯಾಯಿತು. ಹೀಗೇ ಕೂತಿದ್ದು, ಅವರು ಹೋದ ಮೇಲೆ ಮೆಲ್ಲಗೆ ಎದ್ದು, ಏನೂ ಕೇಳಿಸದವನಂತೆ ಮನೆಗೆ ಹೋಗಿಬಿಡೋಣ ಎಂದೂ ಅನ್ನಿಸಿತು. ಹೋಗಿಯೂ ಹೋಗುತ್ತಿದ್ದನೋ ಏನೋ. ಆದರೆ ಅಷ್ಟರಲ್ಲಿ ಮಗಳು ಏಣಿ ಹತ್ತತೊಡಗಿದಳು. ಏಣಿಯ ಒಂದು ಕಾಲು ಒದ್ದೆ ಪಾಚಿಗಟ್ಟಿದ ಕಲ್ಲಿನ ಮೇಲಿತ್ತು, ಇನ್ನೊಂದು ಮರಳಿನಲ್ಲಿ. ಬದುಕೆಲ್ಲ ಏಣಿ ಹತ್ತಿದವನಿಗೆ ಇದನ್ನು ನೋಡಿಕೊಂಡು ಸುಮ್ಮನಿರಲು ಸಾಧ್ಯವೇ?

"ಏಣಿ ಹಾಗಿಡ್ತಾರೇನ್ರೇ!" ಎಂದು ಕೂಗುತ್ತ ಅವನು ಬಲೆಯ ರಾಶಿಯಿಂದ ಎದ್ದ. ತಲೆಗೊಂದು ಬಲೆ ಸಿಕ್ಕಿಕೊಂಡಿತ್ತು.

ಹೆಂಡತಿ ಕಿಟಾರನೆ ಕಿರುಚಿದಳು. ಮಗಳ ಕೈಯಿಂದ ಚೀಲ ಜಾರಿತು. ಅವನು ಓಡಿಬಂದು ಏಣಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, "ಇಳಿ. ಮೊದಲು ಇಳಿ. ಮೆಲ್ಲಗೆ," ಎಂದ. ಅವಳು ಇಳಿದಳು. ಅದೇ ಹೊತ್ತಿಗೆ ನೆತ್ತಿಯ ಮೇಲೆ ದೀಪ ಹತ್ತಿತು. ಮೂವರೂ ಅದರ ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ, ಸಿಕ್ಕಿಬಿದ್ದವರಂತೆ ನಿಂತರು. ಸಿಕ್ಕಿಬಿದ್ದದ್ದು ಯಾರು ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ.

"ಅಪ್ಪ, ಹಿಂದಿನ ಗೋಡೆ ಮರೆಯಲ್ಲಿರೋ ತೊಟ್ಟಿ ಮಾತ್ರ ಒಂದೊಂದೇ ಬೀಜ ಬಿಡೋಕೆ ಶುರು ಮಾಡಿದೆ, ಬಲೆಗೆ ಸಾಲಲ್ಲ," ಎಂದಳು ಮಗಳು. "ಈ ದೀಪದ ಬೆಳಕು ಅಲ್ಲಿಗೆ ಬೀಳಲ್ಲ. ಬೇರೆ ಎಲ್ಲದಕ್ಕೂ ಮಾಡಿನ ಮೂಲಕ ಬೀಳುತ್ತೆ. ಆವಾಗಲೇ ನನಗೆ ಗೊತ್ತಾಗಿದ್ದು."

"ತೊಟ್ಟಿನೇ ಮುಚ್ಚಬಹುದಿತ್ತಲ್ಲ?"

"ಮುಚ್ಚಿದ್ರೆ ಯಾಕೆ ಮುಚ್ಚಿದ್ದೀಯ ಅಂತ ನೀನು ಕೇಳ್ತಿದ್ದೆ. ನಾನೇನು ಹೇಳಲಿ? ಚೀಲ ಆದ್ರೆ ಗಾಳಿಗೆ ಬಂದು ಕೂತಿದೆ ಅಂದ್ಕೋತೀಯ ಅಂತ ಅಮ್ಮ..."

ಅವನು ಹೆಂಡತಿಯತ್ತ ತಿರುಗಿದ. "ಜೋಡಿ ಗಂಟು ಹಾಕಿದ ಗಾಳಿ ನೀನೇನಾ?"

"ನಾನೇ," ಎಂದಳು ಅವಳು, ಮುಖ ಬೇರೆಡೆ ತಿರುಗಿಸಿ.

ಅವತ್ತು ಅವನು ಅರ್ಧ ಊಟಕ್ಕೇ ತಟ್ಟೆ ಸರಿಸಿದ. ದೀಪ ಕೆಡುಕು ಮಾಡಿತು ಎಂಬುದಕ್ಕಿಂತ, ತನಗೆ ಹೇಳದೆ ಮುಚ್ಚಿಟ್ಟರಲ್ಲ ಎಂಬುದೇ ಅವನನ್ನು ಹೆಚ್ಚು ಚುಚ್ಚಿತು. ಗಾಜಿನ ಸಾಮಾನು ಎತ್ತಿಡುವ ಹಾಗೆ ತನ್ನನ್ನು ಎತ್ತಿಟ್ಟುಬಿಟ್ಟರಲ್ಲ! ಅದೂ ಹೋಗಲಿ, ಮಗಳ ದಾರಿಗೆ ಬೆಳಕಾಗಲೆಂದು ಇಟ್ಟದ್ದು ಮಗಳ ಅನ್ನಕ್ಕೇ ಕಲ್ಲಾಯಿತಲ್ಲ. ಕೈ ತೊಳೆದು ಎದ್ದ.

ಬೆಳಿಗ್ಗೆ ಮಗಳು ಬಾಗಿಲಲ್ಲಿ ಬಂದು ನಿಂತು, "ನೀರು ಇಳಿದಿದೆ, ಬಾಪ್ಪ," ಎಂದಳು. ಅವನು ಬಿಗುಮಾನ ಬಿಡದೆಯೇ ಹಿಂದೆ ನಡೆದ. ಕಡಲು ಹಿಂದೆ ಸರಿದು ಬಂಡೆಗಳೆಲ್ಲ ತೆರೆದುಕೊಂಡಿದ್ದವು. ಅವುಗಳ ಮೇಲೆ ವರ್ಷವಿಡೀ ಬೆಳೆಯುವ ಬೇರೆ ಜಾತಿಯ ಪಾಚಿ ಒದ್ದೆಯಾಗಿ, ದಟ್ಟವಾಗಿ ಬಿದ್ದುಕೊಂಡಿತ್ತು. ಕಂದು, ಕಪ್ಪುಗೆಂಪು, ಕೆಲವು ಕಡೆ ಹೆಚ್ಚುಕಡಿಮೆ ಕಪ್ಪೇ.

"ಬೇಸಿಗೆಯಲ್ಲಿ ಇವು ಹೇಗಿದ್ದವು, ನೆನಪಿದೆಯಾ?"

ನೆನಪಿತ್ತು. ಹಳದಿಯಾಗಿ ಬಿಳಿಚಿಕೊಂಡಿದ್ದವು. ಅಷ್ಟು ಬಿಸಿಲು ತಿಂದೂ ಕಾಯಿಲೆಯವರಂತಿದ್ದಾವಲ್ಲ ಎಂದು ಆಗ ಅವನಿಗೆ ಸೋಜಿಗವಾಗಿತ್ತು.

"ಬೇಸಿಗೆಯಲ್ಲಿ ಬೆಳಕಿಗೇನೂ ಬರ ಇಲ್ಲ. ಆದ್ರೆ ನೀರು ಸಪ್ಪೆ. ಸತ್ವ ಎಲ್ಲ ಕಡಲ ತಳದಲ್ಲಿ ಕೂತಿರುತ್ತೆ. ಬಣ್ಣ ಕಟ್ಟೋಕೆ ಆ ಸತ್ವ ಬೇಕು. ಸಿಗದಿದ್ರೆ ಇವು ತಮ್ಮ ಬಣ್ಣವನ್ನೇ ಕರಗಿಸಿ ಹೊಟ್ಟೆಗೆ ಹಾಕ್ಕೊಳ್ತವೆ. ಹೇಗೂ ಅಷ್ಟು ಬಿಸಿಲಲ್ಲಿ ಅಷ್ಟೊಂದು ಬಣ್ಣ ಬೇಕಾಗೂ ಇಲ್ಲ. ಬಿಸಿಲಿಂದ ಮಾಡಿದ ಸಕ್ಕರೆಯನ್ನ ಒಳಗೆ ಕೂಡಿಟ್ಕೊಂಡು ಕಾಯ್ತಾ ಇರ್ತವೆ. ಚಳಿಗಾಲಕ್ಕೆ ಗಾಳಿ ಎದ್ದು ಕಡಲನ್ನ ಕಲಕುತ್ತಲ್ಲ, ಆಗ ಸತ್ವ ಮೇಲೆ ಬರುತ್ತೆ. ಬೆಳಕು ಮಾತ್ರ ಚೂರೇಚೂರು. ಆ ಚೂರನ್ನೂ ಬಿಡದೆ ಹಿಡಿಯೋಕೆ ಮೈತುಂಬ ಬಣ್ಣ ಮಾಡ್ಕೊಳ್ತವೆ."

ಲೈನ್‌ಮನ್ ಬಗ್ಗಿ ಒಂದು ಎಲೆಯನ್ನು ಬೆರಳಿನಲ್ಲಿ ಎತ್ತಿ ನೋಡಿದ. ತೆಳ್ಳಗೆ, ನುಣ್ಣಗೆ, ಬೆಳಕಿಗೆ ಹಿಡಿದರೆ ನೇರಳೆ. "ಒಂದು ಇದ್ದಾಗ ಇನ್ನೊಂದು ಇರಲ್ಲ," ಎಂದ. "ಆದ್ರೂ ದೂರು ಹೇಳದೆ ಬದುಕ್ತವೆ. ನಿಮ್ಮಮ್ಮನಿಗೆ ತೋರಿಸ್ಬೇಕು ಇದನ್ನ."

ಮಗಳು ನಕ್ಕಳು. ಎಷ್ಟೋ ದಿನದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಅವನ ಬಿಗುಮಾನ ಅಲ್ಲಿಗೇ ಸಡಿಲಿತು.

"ನನ್ನ ಚಿಪ್ಪಿನದಂತೂ ಬೇಸಿಗೆ ಅಂದ್ರೆ ಎಲೆಯ ಸಹವಾಸವೇ ಬೇಡ ಅಂತ ಒಳಗೆ ಹೋಗಿ ಮಲಗಿಬಿಡುತ್ತೆ. ಏಳೋಕೆ ಹೊತ್ತಾಯ್ತು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು ಹೇಳು? ರಾತ್ರಿಯನ್ನ ಅಳೆಯುತ್ತೆ. ರಾತ್ರಿ ಉದ್ದ ಆಯ್ತು ಅಂದ್ರೆ ಚಳಿಗಾಲ ಬಂತು ಅಂತ ಲೆಕ್ಕ. ನಡುವೆ ಒಂಚೂರು ಬೆಳಕು ಬಿದ್ರೂ ಆ ಲೆಕ್ಕ ತಪ್ಪಿಹೋಗುತ್ತೆ."

"ನಾನು ಅವಕ್ಕೆ ರಾತ್ರಿನೇ ಕೊಡ್ಲಿಲ್ಲ," ಎಂದ ಅವನು. "ತಪ್ಪಾಯ್ತು ಮಗಳೇ."

"ನನ್ನದೂ ತಪ್ಪು. ಮೊದಲ ದಿನವೇ ಹೇಳಬೇಕಿತ್ತು."

"ಹೇಳಬೇಕಿತ್ತು. ನಾನೇನು ಗಾಜಾ?"

ಅವತ್ತೇ ಅವನು ಒಂದು ದೊಡ್ಡ ಎಣ್ಣೆ ಡಬ್ಬ ಹುಡುಕಿ, ಕತ್ತರಿಸಿ, ತಟ್ಟಿ ಬಗ್ಗಿಸಿ, ದೀಪಕ್ಕೊಂದು ತಗಡಿನ ಮರೆ ಮಾಡಿದ. ಹಳೆಯ ಕಚೇರಿಗೆ ಹೋಗಿ, ತನ್ನ ಜಾಗಕ್ಕೆ ಬಂದಿದ್ದ ಹೊಸ ಲೈನ್‌ಮನ್‌ಗೆ ವಿಷಯ ಹೇಳಿ, ಅವನನ್ನು ಏಣಿ ಹಿಡಿಯಲು ನಿಲ್ಲಿಸಿ, ಹೊರಗಿನಿಂದ ಮರೆಯನ್ನು ಬಿಗಿದ. ಬೆಳಕು ದಾರಿಯ ಮೇಲೆ ಬಿತ್ತು, ಶೆಡ್ಡಿನ ಮಾಡಿನ ಮೇಲೆ ಬೀಳಲಿಲ್ಲ. ಬೇಕರಿಯವನ ಕಿಟಕಿಗೂ ಬೀಳಲಿಲ್ಲ. ಮರುದಿನ ಬೇಕರಿಯವನು ಬಿಸಿ ಬ್ರೆಡ್ಡೊಂದನ್ನು ಕಾಗದದಲ್ಲಿ ಸುತ್ತಿ ಕಳಿಸಿದ. ಚೀಲ ಕಟ್ಟಿದವರಿಗೆ ಕೊಡಿ ಎಂದು ಹೇಳಿಕಳಿಸಿದ್ದ. ಹೆಂಡತಿ ಅದನ್ನು ಸಂಕೋಚವಿಲ್ಲದೆ ತೆಗೆದುಕೊಂಡಳು.

ಆದರೆ ಮರೆ ಕಟ್ಟಿದರಷ್ಟೇ ಸಾಲದು ಎಂದಳು ಮಗಳು. ಹೋದ ದಿನಗಳು ಹೋದವು. ದೊಡ್ಡ ಇಳಿತದೊಳಗೆ ಚಿಪ್ಪುಗಳನ್ನು ಎಬ್ಬಿಸಬೇಕಾದರೆ ರಾತ್ರಿಯನ್ನು ಇನ್ನಷ್ಟು ಉದ್ದ ಮಾಡಬೇಕು. ಬಿಸಿಲು ಇರುವಾಗಲೇ ತೊಟ್ಟಿಗಳ ಮೇಲೆ ಕಪ್ಪು ಬಟ್ಟೆ ಎಳೆದು, ಬೆಳಗಾಗಿ ಎಷ್ಟೋ ಹೊತ್ತಿನ ಮೇಲೆ ತೆಗೆಯಬೇಕು. ದಿನಾ ಒಂದೇ ಹೊತ್ತಿಗೆ ಆಗಬೇಕು, ಒಂದು ದಿನವೂ ತಪ್ಪಬಾರದು. ಬಟ್ಟೆ ಎಳೆಯುವ ಹೊತ್ತಿಗೆ ಅವಳು ಬಲೆಯವರ ಜೊತೆ ದೋಣಿಯಲ್ಲಿರುತ್ತಾಳೆ. "ಯಾರನ್ನ ಇಡೋದು ಅಂತ ಯೋಚನೆ ಮಾಡ್ತಿದ್ದೀನಿ," ಎಂದಳು.

"ಇಷ್ಟು ವರ್ಷ ಊರಿಗೆಲ್ಲ ದೀಪ ಹೊತ್ತಿಗೆ ಸರಿಯಾಗಿ ಹತ್ತಿಸ್ದೆ," ಎಂದ ಲೈನ್‌ಮನ್. "ಕತ್ತಲೆ ಮಾಡೋಕೆ ಬರಲ್ವಾ ನನಗೆ?"

ಹಾಗೆ ಅವನಿಗೆ ಕೆಲಸ ಸಿಕ್ಕಿತು. ಓಣಿಯ ಟೈಲರಕ್ಕ ಹೊಲಿದುಕೊಟ್ಟ ಉದ್ದನೆಯ ಕಪ್ಪು ಪರದೆಗಳನ್ನು ತಂತಿಗೆ ಪೋಣಿಸಿದ. ಎಳೆದರೆ ಸರ್ರನೆ ಜಾರಬೇಕು, ಸಂದಿಯಿಂದ ಸೂಜಿಯಷ್ಟೂ ಬೆಳಕು ಒಳಗೆ ಹೋಗಬಾರದು. ಮೊದಲ ದಿನ ಬಟ್ಟೆಯೊಳಗೆ ತಾನೇ ತಲೆ ತೂರಿಸಿ, ಎಲ್ಲೆಲ್ಲಿ ತೂತಿದೆ ಎಂದು ನೋಡಿದ. ಕಚೇರಿಯವರು ಕೊಟ್ಟಿದ್ದ ಗೋಡೆ ಗಡಿಯಾರ ಮನೆಯಲ್ಲಿ ಪೆಟ್ಟಿಗೆಯೊಳಗೇ ಕೂತಿತ್ತು. ಅದನ್ನು ತಂದು ಶೆಡ್ಡಿನ ಕಂಬಕ್ಕೆ ನೇತುಹಾಕಿದ. ಮಧ್ಯಾಹ್ನದ ನಿದ್ದೆಗೆ ತಿಲಾಂಜಲಿ ಬಿಟ್ಟ. ಊರೆಲ್ಲ ಬಿಸಿಲು ಕಾಯಿಸುತ್ತ ಕೂತಿರುವಾಗ ಅವನು ಓಣಿಯಲ್ಲಿ ಬೀಸುಗಾಲು ಹಾಕುತ್ತಿದ್ದ.

"ಇಷ್ಟು ಬೇಗ ಎಲ್ಲಿಗೆ ಸವಾರಿ?" ಎಂದು ಟೈಲರಕ್ಕ ಮಷೀನು ನಿಲ್ಲಿಸಿ ಕೇಳುತ್ತಿದ್ದಳು.

"ಸಂಜೆ ಮಾಡೋಕೆ," ಎನ್ನುತ್ತಿದ್ದ ಅವನು, ನಿಲ್ಲದೆಯೇ.

ದೊಡ್ಡ ಇಳಿತ ಹತ್ತಿರವಾಗುತ್ತ ಬಂತು. ಬಲೆಯವರ ಹಿರಿಯ ಎರಡು ಸಲ ಬಂದು ಹೋದ. ಲೈನ್‌ಮನ್‌ಗೆ ಅನ್ನ ಸೇರುತ್ತಿರಲಿಲ್ಲ. ಮಗಳು ಗಾಜಿನ ಮೇಲೆ ಹನಿ ಬಿಡುವಾಗ ಅವನು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಇಲ್ಲ ಎಂದು ಅವಳು ತಲೆಯಾಡಿಸಿದರೆ ಪರದೆಯ ಅಂಚುಗಳನ್ನು ಮತ್ತೊಮ್ಮೆ ನೇವರಿಸಿ ನೋಡುತ್ತಿದ್ದ. ಕೆಲಸ ಅವನದು, ಭಯವೂ ಅವನದೇ ಆಗಿಬಿಟ್ಟಿತ್ತು.

ಇನ್ನೇನು ನಾಳೆ ಇಳಿತ ಎನ್ನುವ ಬೆಳಿಗ್ಗೆ ಅವನು ಪರದೆ ಸರಿಸಿದ. ಮಗಳು ಹನಿ ಬಿಟ್ಟು ಕಣ್ಣಿಟ್ಟಳು. ಅವಳು ತಲೆಯಾಡಿಸಲಿಲ್ಲ. ಕಣ್ಣನ್ನೂ ತೆಗೆಯಲಿಲ್ಲ. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ಗೊತ್ತಾಗಲಿಲ್ಲ.

"ಬಂತಾ?"

"ಲೆಕ್ಕವಿಲ್ಲದಷ್ಟು ಬಂದಿದೆ, ನೋಡು!"

ಅವನು ಕನ್ನಡಕ ತೆಗೆದು ಬಗ್ಗಿದ. ಕೆಂಪಗಿನ ಪುಟ್ಟ ಪುಟ್ಟ ಗುಂಡುಗಳು, ಯಾರೋ ಚೆಲ್ಲಿಹೋದಂತೆ, ಬೆಳಕಿನ ವೃತ್ತದ ತುಂಬ. ಲೈನ್‌ಮನ್ ಬಹಳ ಹೊತ್ತು ಹಾಗೇ ಬಗ್ಗಿದ್ದ. ಬೆನ್ನು ನೋಯುತ್ತದೆ ಎಂದು ಮಗಳು ಎಬ್ಬಿಸಿದರೂ ಏಳಲಿಲ್ಲ. ಅವನ ಬದುಕಿನಲ್ಲಿ ಅಷ್ಟೊಂದು ಸಂತೋಷ ಒಟ್ಟಿಗೆ ಬಂದದ್ದು ಮಗಳು ಹುಟ್ಟಿದ ದಿನ ಬಿಟ್ಟರೆ ಇದೇ.

ಬಲೆಯವರು ಬಂದರು. ಇಡೀ ದಿನ ಗದ್ದಲ. ದೊಡ್ಡ ಗಾಲಿಗೆ ಸುತ್ತಿದ ಬಲೆಗಳು ತೊಟ್ಟಿಯ ನೀರಿನಲ್ಲಿ ಮುಳುಗಿ ಏಳುತ್ತ ತಿರುಗಿದವು. ಬಲೆಯವರ ಹಿರಿಯ ಲೈನ್‌ಮನ್‌ನ ಕೈ ಹಿಡಿದು ಕುಲುಕಿದ. ಆಚೆ ಕೊಲ್ಲಿಯ ಮಾತನ್ನು ಯಾರೂ ಎತ್ತಲಿಲ್ಲ. ಮಗಳು ಮುಂದಿನ ತೊಟ್ಟಿಗಳನ್ನು ತೋರಿಸಿ, "ಇವೂ ಬಾಕಿ ಇವೆ, ಅಪ್ಪ. ನಾಳೆಯೂ ಇವಕ್ಕೆ ಸಂಜೆ ಮಾಡ್ಬೇಕು," ಎಂದಳು. ಅವನು ಹೂಂ ಎಂದ. ಗಡಿಯಾರ ನೋಡಿದ. ಈ ಗಲಾಟೆಯಲ್ಲೂ ಹೊತ್ತು ತಪ್ಪಲಿಲ್ಲ. ಖಾಲಿಯಾದ ತೊಟ್ಟಿ ಬಿಟ್ಟು ಉಳಿದವಕ್ಕೆ ಒಂದೊಂದಾಗಿ ಪರದೆ ಎಳೆದ.

ಎಲ್ಲರೂ ಹೋದ ಮೇಲೂ ಅವನು ಮನೆಗೆ ಬರಲಿಲ್ಲ. ಹೆಂಡತಿ ಹುಡುಕಿಕೊಂಡು ಓಣಿಯ ತುದಿಯವರೆಗೆ ಬಂದಳು. ಕಂಬದ ಕೆಳಗೆ ಯಾರೂ ಇರಲಿಲ್ಲ. ಅವಳಿಗೆ ಒಂದು ಗಳಿಗೆ ಕಸಿವಿಸಿಯಾಯಿತು. ಶೆಡ್ಡಿನೊಳಗೆ ಇಣುಕಿದರೆ, ಅವನು ತಲೆ ಕೆದರಿಕೊಂಡು, ಮುಂದಿನ ತೊಟ್ಟಿಯ ಬಳಿ ಮಂಡಿಯೂರಿ ಪರದೆಯ ಅಂಚಿಗೆ ಒಂದೊಂದೇ ಕಲ್ಲು ಪೇರಿಸುತ್ತಿದ್ದ.

"ರೀ, ಕತ್ತಲಾಯ್ತು. ದೀಪ ಹತ್ತಿ ಎಷ್ಟು ಹೊತ್ತಾಯ್ತು!"

ಅವನು ತಲೆ ಎತ್ತದೆ ಕೇಳಿದ, "ಯಾವ ದೀಪ?"